ಖಾಲಿ ಗಾಡಿ ಬಿಟ್ಟವರು

ಕೆಲವರ ಮನೆಗೆ ನಗು ಕರೆದರೂ ಬರುವುದಿಲ್ಲ. ನಮ್ಮ ಮನೆಗೆ ಮಾತ್ರ ಅದು ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡು, ತಾನಾಗಿಯೇ ಒಳಗೆ ಬಂದು ದೇವರ ಮಂಟಪದ ಎದುರೇ ಕೂತುಬಿಡುತ್ತದೆ. ನಾನು ನಗಿಸುವ ಹೆಂಗಸಲ್ಲ. ಕುಂದಾಪುರದ ಆಚೆಯ ಹಳ್ಳಿ ಶಾಲೆಯಲ್ಲಿ ಕಲಿತಷ್ಟು ಕಲಿತು, ಮದುವೆಯಾಗಿ ಮುಂಬಯಿ ಬದಿಯ ಡೊಂಬಿವಲಿಗೆ ಬಂದು, ಎರಡು ಹೊತ್ತು ದೀಪ ಹಚ್ಚಿಕೊಂಡು ಇರುವವಳು. ಆದರೂ ಹೀಗೆಲ್ಲ ಆಗುತ್ತದೆ. ಈಚೆಗೆ ಆದದ್ದಕ್ಕೆಲ್ಲ ಕಾರಣ ಜಪಾನಿನ ಒಂದು ಆಟ.

ಆಯುಧಪೂಜೆ

ನಮ್ಮ ಮಗ ಇಲ್ಲಿಯೇ ಹುಟ್ಟಿ ಬೆಳೆದವನು. ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಥಾಣೆಯ ಆಫೀಸೊಂದರಲ್ಲಿ ಕೆಲಸ. ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ, ಎದುರು ಮಾತಿಲ್ಲ. ಮಾತೇ ಇಲ್ಲ ಎನ್ನುವುದೇ ನಮ್ಮ ಚಿಂತೆ. ಹೆಣ್ಣು ನೋಡಲು ಹೋದ ಕಡೆಯೆಲ್ಲ ಉಪ್ಪಿಟ್ಟಿನ ತಟ್ಟೆ ನೋಡುತ್ತ ಕೂರುತ್ತಾನೆ. ಹುಡುಗಿ ಏನಾದರೂ ಕೇಳಿದರೆ ಬಾಯಿ ಅರ್ಧ ತೆರೆದು ಹಾಗೆಯೇ ಇಟ್ಟುಕೊಳ್ಳುತ್ತಾನೆ. ಎರಡು ದಿನ ಬಿಟ್ಟು ಹುಡುಗಿಯ ಕಡೆಯಿಂದ ಫೋನು ಬರುತ್ತದೆ: "ಹುಡುಗ ಬಂಗಾರ. ಆದರೆ ನಮ್ಮ ಮಗಳಿಗೆ ಮಾತಾಡುವವನು ಬೇಕಂತೆ." ಮೀರಾ ರೋಡಿನವರು ಅಂದರು, ಐರೋಲಿಯ ಮೊದಲನೆಯವರು ಅಂದರು, ಕಲ್ಯಾಣದವರೂ ಅಂದರು. ನಾನು ಟಿಟ್ವಾಳಾದ ಗಣಪತಿಗೆ ಹರಕೆ ಹೊತ್ತೆ: "ಸೊಸೆ ಎಂಥವಳಾದರೂ ಸರಿ, ಇವನ ಬಾಯಿಂದ ಅವಳೆದುರು ನಾಲ್ಕು ಮಾತು ಹೊರಡಿಸು."

ಹೀಗಿರುವಾಗ ಒಂದು ಸಂಜೆ ಪಕ್ಕದ ಮನೆಯವಳು ಪ್ಯಾಸೇಜಿನಲ್ಲಿ ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಅವಳು ಕಲಬುರಗಿ ಕಡೆಯವಳು. ಗಂಡ ಗೋದಾಮಿನಲ್ಲಿ ಲೋಡಿಂಗ್ ಮಾಡುವವರ ಮುಕಾದಮ. ದನಿ ಇಳಿಸಿ ಕೇಳಿದಳು: "ಅಕ್ಕಾರ, ಸೊಸಿನ್ನ ತಂದೀರಿ, ನಮಗ ಒಂದು ಮಾತ ಹೇಳಬಾರದೇನ್ರಿ?"

"ಎಂಥ ಸೊಸೆ ಮಾರಾಯ್ತಿ?"

"ಗ್ವಾಡಿಗೆ ಕಿವಿ ಕೊಡ್ರಿ, ನಿಮಗೇ ತಿಳೀತದ."

ಕಿವಿ ಕೊಟ್ಟೆ. ಮಗನ ಕೋಣೆಯೊಳಗೆ ಹುಡುಗಿಯ ದನಿ! ಮೃದುವಾಗಿ, ಜೇನು ಇಳಿದ ಹಾಗೆ. ಭಾಷೆ ಯಾವುದೆಂದು ತಿಳಿಯಲಿಲ್ಲ. ಅವಳೇ ಮಾತಾಡುತ್ತಿದ್ದಳು, ಅವಳೇ ನಗುತ್ತಿದ್ದಳು, ನಮ್ಮವನ ಸುದ್ದಿಯೇ ಇಲ್ಲ. ಹುಡುಗಿ ಸಿಕ್ಕಿದ್ದೂ ಹೌದು, ಸ್ವಭಾವ ಹೊಂದಿದ್ದೂ ಹೌದು ಅಂದುಕೊಂಡೆ. ಯಾವ ಊರೋ, ಯಾವ ಜನವೋ ಎಂದು ಒಮ್ಮೆ ಅಳುಕಿದೆ. ಆದರೂ ಮನೆಗೆ ಮೊದಲ ಸಲ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಾಣುವುದುಂಟೇ? ಕಾಫಿ ಸೋಸಿದೆ. ತಟ್ಟೆಯಲ್ಲಿ ಕುಂಕುಮ, ಒಂದು ಮೊಳ ಮಲ್ಲಿಗೆ, ರವಿಕೆ ಕಣ ಇಟ್ಟು ಬಾಗಿಲು ತಳ್ಳಿದೆ.

ಒಳಗೆ ಮಗ ಒಬ್ಬನೇ. ಮುಂದೆ ಲ್ಯಾಪ್‌ಟಾಪು. ಅದರೊಳಗೆ ಬಣ್ಣದ ಚಿತ್ರದ ಹುಡುಗಿಯೊಬ್ಬಳು ಕೊಡೆ ಹಿಡಿದು ಮಳೆಯಲ್ಲಿ ನಿಂತಿದ್ದಳು. ನನ್ನನ್ನೇ ನೋಡಿ ಕಣ್ಣು ಮಿಟುಕಿಸಿದಳು.

"ಅಮ್ಮಾ, ಗೇಮ್ ಹೈ," ಅಂದ ಮಗ. "ಜಪಾನ್ ಕಾ."

ನನ್ನ ಕೈಯಲ್ಲಿ ಕುಂಕುಮದ ತಟ್ಟೆ. ಒಬ್ಬಳಿಗೆಂದು ತಂದ ಕುಂಕುಮವನ್ನು ಹಾಗೇ ವಾಪಸು ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ. ಎರಡು ಗಳಿಗೆ ಯೋಚಿಸಿದೆ. ಆಮೇಲೆ ಲ್ಯಾಪ್‌ಟಾಪಿನ ಮೇಲಿನ ಅಂಚಿಗೆ ಒಂದು ಬೊಟ್ಟು ಇಟ್ಟು, ಮಲ್ಲಿಗೆಯನ್ನು ಅದರ ಮೂಲೆಗೆ ಸಿಕ್ಕಿಸಿದೆ.

ಅಷ್ಟರಲ್ಲಿ ಯಜಮಾನರು ತರಕಾರಿ ಚೀಲ ಹಿಡಿದು ಬಂದರು. ಬಾಗಿಲಲ್ಲೇ ನಿಂತು ಕುಂಕುಮ ನೋಡಿದರು, ಹೂವು ನೋಡಿದರು, ಕ್ಯಾಲೆಂಡರಿನ ಕಡೆ ತಿರುಗಿದರು. "ಆಯುಧಪೂಜೆ ಇವತ್ತಾ? ಮತ್ತೆ ನನ್ನ ಸ್ಕೂಟರಿಗೆ ಎಂತಕ್ಕೆ ಹಾಕಲಿಲ್ಲ?"

ಕಿಟಕಿ ಸೀಟು

ಮಾರನೆಯ ಸಂಜೆ ದೀಪ ಹಚ್ಚಿದ ಮೇಲೆ ಮಗನ ಪಕ್ಕ ಕೂತೆ. "ಎಂಥದು ಮಗಾ ಅದು? ಓದಿ ಹೇಳು ನೋಡುವಾ."

ಹೆಸರಿಗೆ ಆಟ, ಮಾಡುವುದು ಓದುವುದನ್ನು. ಚಿತ್ರ ನಿಂತಿರುತ್ತದೆ, ಕೆಳಗೆ ಸಾಲು ಸಾಲಾಗಿ ಮಾತು ಬರುತ್ತದೆ, ಹಿಂದೆ ಸಣ್ಣಗೆ ಸಂಗೀತ. ಕಥೆ ಇಷ್ಟು: ಸಮುದ್ರದ ಬದಿಯ ಒಂದು ಊರು. ಪಟ್ಟಣದಲ್ಲಿ ಓದು ಮುಗಿಸಿದ ಹುಡುಗ ಅಲ್ಲಿನ ಪುಟ್ಟ ರೈಲ್ವೆ ಸ್ಟೇಷನ್ನಿಗೆ ಕೆಲಸಕ್ಕೆ ಬರುತ್ತಾನೆ. ಊರಿನಲ್ಲಿ ಮೂವರು ಹುಡುಗಿಯರು. ಒಬ್ಬಳು ಕೊಡೆಯವಳು, ಒಬ್ಬಳು ಪಿಯಾನೋ ಬಾರಿಸುವವಳು, ಇನ್ನೊಬ್ಬಳು ಗುಡ್ಡದ ಮೇಲಿನ ದೇವಸ್ಥಾನದ ಅಂಗಳ ಗುಡಿಸುವವಳು. ಯಾವಾಗಲಾದರೊಮ್ಮೆ ಹುಡುಗಿ ಏನೋ ಕೇಳುತ್ತಾಳೆ. ಆಗ ಎಲ್ಲ ನಿಂತುಹೋಗುತ್ತದೆ. ಹುಡುಗ ಬಾಯಿ ಬಿಡುವುದಿಲ್ಲ. ಅವನು ಹೇಳಬಹುದಾದ ಮೂರು ಮಾತು ತೆರೆಯ ಮೇಲೆ ಬರೆದು ಬರುತ್ತವೆ. ನಾವು ಒಂದನ್ನು ಆರಿಸಬೇಕು. ಯಾವುದನ್ನು ಆರಿಸುತ್ತೇವೋ ಆ ದಾರಿಗೆ ಕಥೆ ಹೋಗುತ್ತದೆ, ಕೊನೆಗೆ ಮೂವರಲ್ಲಿ ಒಬ್ಬಳ ಕೈ ಹಿಡಿಯುತ್ತಾನೆ.

ಮಗ ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಹೇಳುತ್ತಿದ್ದ. ಮೊದಲು ಅರ್ಧ ಹಿಂದಿ, ಕಾಲು ಮರಾಠಿ. "ವೋ ಲಡ್ಕಿ ಬೋಲ್ತಿ ಹೈ ಕಿ…" ಅನ್ನುವಾಗ ನಾನು ತಡೆಯುತ್ತಿದ್ದೆ. "ಹಾಗಲ್ಲ ಮಗಾ. ದೇವಸ್ಥಾನದ ಹುಡುಗಿ ಹಾಗೆ ಮಾತಾಡ್ತಾಳಾ? 'ನೀವು ಬಂದದ್ದು ಒಳ್ಳೆಯದಾಯ್ತು, ಗಾಳಿ ಎಲೆಯನ್ನೆಲ್ಲ ಮತ್ತೆ ಹರಡಿಬಿಟ್ಟಿತು' ಅಂತ ಹೇಳು." ಅವನು ಹಾಗೆಯೇ ಹೇಳುತ್ತಿದ್ದ. ವಾರ ಕಳೆದ ಹಾಗೆ ಹುಡುಗಿ ಚೆಂದ ಕನ್ನಡ ಮಾತಾಡತೊಡಗಿದಳು.

ಆ ಊರು ನನಗೆ ಹಿಡಿಸಿಬಿಟ್ಟಿತು. ಅಲ್ಲಿ ಯಾರಿಗೂ ಅವಸರವಿಲ್ಲ. ಹೂವಿನ ಎಸಳು ಬೀಳಲು ಸಹ ಹೊತ್ತು ತೆಗೆದುಕೊಳ್ಳುತ್ತದೆ. ಸ್ಟೇಷನ್ನಿನ ಬೆಂಚಿನಲ್ಲಿ ಕೂತರೆ ಸಮುದ್ರ ಕಾಣುತ್ತದೆ, ದೂರದ ದೀಪಸ್ತಂಭ ಕಾಣುತ್ತದೆ. ಹಳಿಯ ನಡುವೆ ಹುಲ್ಲು ಬೆಳೆದಿದೆ. ನಾನು ಕೊತ್ತಂಬರಿ ಬಿಡಿಸುತ್ತ ನೋಡುತ್ತಿದ್ದೆ. ಹೊರಗೆ ನಮ್ಮ ಡೊಂಬಿವಲಿಯ ಗಾಡಿಗಳು ಭೋರೆಂದು ಹೋಗುತ್ತಿದ್ದರೂ ಕಿವಿಗೆ ಅಲೆಯ ಸದ್ದೇ ಬೀಳುತ್ತಿತ್ತು. ಬಿಡಿಸಿದ ಸೊಪ್ಪನ್ನು ಕಸಕ್ಕೂ ದಂಟನ್ನು ಪಾತ್ರೆಗೂ ಹಾಕಿದ್ದು ಎಷ್ಟೋ ಸಲ.

ಒಂದು ದಿನ ಯಜಮಾನರೂ ಬಂದು ಕೂತರು. ಅವರು ಥಾಣೆಯ ಹೋಟೆಲೊಂದರ ಗಲ್ಲೆಯಲ್ಲಿ ಕೂತು ನಿವೃತ್ತರಾದವರು. ಕೂತದ್ದು ಗಲ್ಲೆಯಲ್ಲಿ ಮಾತ್ರ. ಹೋಗುವಾಗ ಬರುವಾಗ ಲೋಕಲ್ ರೈಲಿನಲ್ಲಿ ಜೀವಮಾನವಿಡೀ ನಿಂತವರು. ಯಾರದೋ ಕಂಕುಳಡಿ ಮೂಗಿಟ್ಟುಕೊಂಡೇ ವಿಷ್ಣು ಸಹಸ್ರನಾಮ ಬಾಯಿಪಾಠ ಮಾಡಿದವರು.

ತೆರೆಯ ಮೇಲೆ ಸಂಜೆ. ಹುಡುಗ ಪಟ್ಟಣಕ್ಕೆ ಹೋಗಬೇಕು. ದೇವಸ್ಥಾನದ ಹುಡುಗಿ ಬಿಳುಪು ಕೆಂಪು ಬಟ್ಟೆಯಲ್ಲಿ, ಪೊರಕೆ ಹಿಡಿದೇ ಬೀಳ್ಕೊಡಲು ಬಂದಿದ್ದಾಳೆ. ರೈಲು ಬಂತು. ಬಾಗಿಲು ತೆರೆಯಿತು. ಒಳಗೆ ಒಬ್ಬರೂ ಇಲ್ಲ. ಬಿಸಿಲು ಮಾತ್ರ ಸೀಟಿನ ಮೇಲೆ ಕೂತಿತ್ತು. ಹುಡುಗ ಹುಡುಗಿಯನ್ನು ನೋಡಿದ. ಹುಡುಗಿ ಹುಡುಗನನ್ನು ನೋಡಿದಳು. ಬಾಗಿಲು ಮುಚ್ಚಿತು. ರೈಲು ಮೆಲ್ಲನೆ ಹೊರಟುಹೋಯಿತು. ಇಬ್ಬರೂ ಅಲ್ಲಿಯೇ ನಿಂತಿದ್ದರು.

ನನ್ನ ಕಣ್ಣು ತುಂಬಿತ್ತು. ಪಕ್ಕದಿಂದ ಏದುಸಿರು ಕೇಳಿತು. ಇವರಿಗೂ ಮನಸ್ಸು ಕರಗಿತೆಂದು ತಿರುಗಿದರೆ ಮುಖ ಕೆಂಪಾಗಿತ್ತು.

"ಖಾಲಿ ಗಾಡಿ!" ಅಂದರು. "ಪೂರ್ತಿ ಖಾಲಿ! ಕಿಟಕಿ ಸೀಟು, ಅದೂ ಗಾಳಿ ಬರುವ ಬದಿಯದ್ದು! ಬಿಟ್ಟನಲ್ಲ ಮಾರಾಯ್ತಿ, ನಿಂತುಕೊಂಡು ನೋಡ್ತಾ ಬಿಟ್ಟನಲ್ಲ!"

"ಪ್ರೀತಿ ಅದು," ಅಂದೆ.

"ಪ್ರೀತಿ ಗಾಡಿಯೊಳಗೆ ಕೂತು ಮಾಡಬಾರದಾ? ಅವಳನ್ನೂ ಹತ್ತಿಸಿಕೊಳ್ಳಬಹುದಿತ್ತು. ಜಾಗ ಇತ್ತು!"

ಆ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ.

ಹೂವು ಬೀಳದಿದ್ದದ್ದು

ದೇವಸ್ಥಾನದ ಹುಡುಗಿ ಕಥೆಯ ನಟ್ಟನಡುವೆ ಒಂದು ಮಾತು ಹೇಳಿದಳು: "ನಾಳೆ ನಾನು ಈ ಊರು ಬಿಟ್ಟು ಹೋಗುತ್ತೇನೆ." ಎಲ್ಲ ನಿಂತಿತು. ಮೂರು ಸಾಲು ಬಂದವು. ಒಂದು, 'ಹೋಗಬೇಡ ಎನ್ನು'. ಎರಡು, 'ಹೋಗಿ ಬಾ ಎನ್ನು'. ಮೂರು, 'ಸುಮ್ಮನಿರು'.

ಮಗ ನನ್ನ ಮುಖ ನೋಡಿದ. ಒಂದು ಹೆಣ್ಣಿನ ಬಾಳಿನ ಪ್ರಶ್ನೆ. ನನ್ನ ಬುದ್ಧಿಯಿಂದ ತೀರ್ಮಾನಿಸುವಂಥದ್ದಲ್ಲ. "ತಡಿ, ಪ್ರಸಾದ ಕೇಳುವಾ," ಅಂದೆ.

ನಮ್ಮೂರ ಕಡೆ ಯಾವುದೇ ಕಾರ್ಯಕ್ಕೆ ಮೊದಲು ದೇವರ ಮೇಲೆ ಹೂವಿಟ್ಟು ಕೇಳುವುದುಂಟು. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಮಂಟಪದಲ್ಲಿದ್ದ ಗಣಪತಿಯ ತಲೆಯ ಮೇಲೆ ಬೆಳಗ್ಗೆ ಇಟ್ಟ ದಾಸವಾಳ ಇನ್ನೂ ಇತ್ತು. ಕೈ ಮುಗಿದು ಹೇಳಿಕೊಂಡೆ: "ಬಲಕ್ಕೆ ಬಿದ್ದರೆ ಮೊದಲನೆಯದು. ಎಡಕ್ಕೆ ಬಿದ್ದರೆ ಎರಡನೆಯದು." ಕಾದೆವು. ಕುಕ್ಕರು ಕೂಗಿತು, ಇಳಿಸಿದೆ. ಮಗ ಚಾ ಕುಡಿದು ಮುಗಿಸಿದ. ಹೂವು ಅಲ್ಲಾಡಲಿಲ್ಲ.

"ಮತ್ಲಬ್ ಮೂರನೆಯದು?" ಅಂದ ಮಗ.

"ದೇವರ ಮನಸ್ಸು," ಅಂದೆ.

ಮೂರನೆಯದನ್ನು ಒತ್ತಿದ. ಹುಡುಗ ಸುಮ್ಮನಿದ್ದ. ಹುಡುಗಿ ಒಂದು ಗಳಿಗೆ ಕಾದಳು, ಪೊರಕೆಯನ್ನು ಕಂಬಕ್ಕೆ ಒರಗಿಸಿಟ್ಟು ಹೊರಟುಹೋದಳು. ಎಲೆ ಉದುರಿತು, ಹಿಮ ಬಿತ್ತು, ಮತ್ತೆ ಹೂವಾಯಿತು. ಕೊನೆಯ ಚಿತ್ರದಲ್ಲಿ ತಲೆ ನರೆತ ಸ್ಟೇಷನ್ ಮಾಸ್ತರನೊಬ್ಬ ಅದೇ ಪೊರಕೆಯಿಂದ ಪ್ಲ್ಯಾಟ್‌ಫಾರ್ಮ್ ಗುಡಿಸುತ್ತಿದ್ದ. ಕಥೆ ಮುಗಿಯಿತು.

ನಾನು ಆ ನರೆತ ತಲೆಯನ್ನೇ ನೋಡಿದೆ. ಹಿಂದಿನಿಂದ ನೋಡಿದರೆ ನಮ್ಮ ಮಗನ ತಲೆಯ ಹಾಗೆಯೇ ಇತ್ತು.

"ಅಮ್ಮಾ, ಟೆನ್ಶನ್ ಬೇಡ. ಸೇವ್ ಮಾಡಿ ಇಟ್ಟಿದ್ದೇನೆ. ಹಿಂದೆ ಹೋಗಿ ಬೇರೆ ಆರಿಸಬಹುದು."

"ಪ್ರಸಾದ ಆದ ಮೇಲೆ ಹಿಂದೆ ಹೋಗುವ ಪದ್ಧತಿ ಇಲ್ಲ ಮಗಾ."

ನಾಲ್ಕಾರು ದಿನ ಮನೆಯಲ್ಲಿ ಸೂತಕದ ಹಾಗಿತ್ತು. ಲ್ಯಾಪ್‌ಟಾಪು ತೆರೆಯಲಿಲ್ಲ. ಸಂಜೆ ದೀಪ ಹಚ್ಚುವಾಗ ಆ ಹುಡುಗಿ ಈಗ ಯಾವ ಊರಿನಲ್ಲಿದ್ದಾಳೋ, ಹೊತ್ತಿಗೆ ಸರಿಯಾಗಿ ಉಂಡಳೋ ಇಲ್ಲವೋ ಎಂದು ಗಣಪತಿಯನ್ನೇ ಕೇಳುತ್ತಿದ್ದೆ. ಐದನೆಯ ದಿನವೋ ಆರನೆಯ ದಿನವೋ ಯಜಮಾನರು ತಡೆಯಲಾರದೆ ಕೇಳಿದರು: "ಯಾರು ಸತ್ತದ್ದು ಅಂತಾದರೂ ಹೇಳಿ." ನಡೆದದ್ದನ್ನು ಹೇಳಿದೆ. ಅವರು ಎದ್ದು ಮಂಟಪದ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಹೂವು ಬೀಳುವುದು ಹೇಗೆ? ಫ್ಯಾನಿನ ಗಾಳಿಗೆ ದಿನಾ ಹಾರಿಹೋಗ್ತದೆ ಅಂತ ಗಣಪತಿಯ ಕಿರೀಟಕ್ಕೆ ನೂಲು ಹಾಕಿ ಕಟ್ಟುವವಳು ನೀನೇ ಅಲ್ಲವಾ?"

ಹೌದಲ್ಲ! ಕಟ್ಟಿದ ಹೂವಿನಲ್ಲಿ ಕೇಳಿದ್ದು ಪ್ರಸಾದವೇ ಅಲ್ಲ. ಗಲ್ಲ ಗಲ್ಲ ಬಡಿದುಕೊಂಡು ತಪ್ಪೊಪ್ಪಿಕೊಂಡೆ, ಸ್ನಾನ ಮಾಡಿ ಬಂದು ಕಟ್ಟಿಲ್ಲದ ಹೂವಿಟ್ಟೆ. ಮಗ ಹಿಂದೆ ಹೋಗಿ ಆ ಮೂರು ಸಾಲಿನ ಮುಂದೆ ಕಾದು ಕೂತ. ಕೈ ಮುಗಿಯುವಷ್ಟರಲ್ಲಿ ಹೂವು ಟಪ್ಪೆಂದು ಬಲಕ್ಕೆ ಬಿತ್ತು. 'ಹೋಗಬೇಡ.' ಹುಡುಗಿ ಉಳಿದಳು. ಅವಳ ಕೈ ಹಿಡಿದಲ್ಲಿಗೆ ನಮ್ಮ ಕಥೆ ಮುಗಿಯಿತು.

ಫ್ಯಾನ್ ಇರುವುದು ಎಡಗಡೆಗೆ ಎಂದು ಯಜಮಾನರು ಏನೋ ಗೊಣಗಿದರು. ದೇವರ ಮುಂದೆ ಕಂಡವರ ಗೊಣಗಾಟವನ್ನೆಲ್ಲ ಕಿವಿಗೆ ಹಾಕಿಕೊಳ್ಳಬಾರದು.

ಶನಿಯ ಕೈಗೆ ಸಿಗದವಳು

ಐರೋಲಿಯಿಂದ ಎರಡನೆಯ ಸಂಬಂಧ ಬಂತು. ಉಡುಪಿ ಕಡೆಯವರು, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಬದಿಯಲ್ಲಿ ಮನೆ, ಹುಡುಗಿ ಅಲ್ಲಿಯೇ ಆಫೀಸಿನಲ್ಲಿ ಕೆಲಸ ಮಾಡುವವಳು. ಜಾತಕ ತೋರಿಸಲು ಕಲ್ಯಾಣದ ನಮ್ಮ ಪುರೋಹಿತರಲ್ಲಿಗೆ ಹೋದೆ. ಅವರು ವಯಸ್ಸಾದವರು, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವವರು. ಬೆರಳೆಣಿಸಿ, ಗುಣ ಕೂಡಿಸಿ, "ಉತ್ತಮ. ಮುಂದುವರಿಯಿರಿ," ಅಂದರು.

ಹೇಗೂ ಬಂದಿದ್ದೇನಲ್ಲ, ಕೇಳಿದರೆ ತಪ್ಪೇನು ಅನ್ನಿಸಿತು. ಆ ಆಟದಲ್ಲಿ ಪ್ರತಿಯೊಬ್ಬರ ಹುಟ್ಟಿದ ದಿನ, ಎತ್ತರ, ಇಷ್ಟದ ತಿಂಡಿ ಎಲ್ಲ ಬರೆದಿರುತ್ತದೆ. ನನಗೆ ಬಾಯಿಗೇ ಬರುತ್ತಿತ್ತು. ಹುಡುಗನಿಗೂ ದೇವಸ್ಥಾನದವಳಿಗೂ ಮುಂದೆ ಹೇಗಾಗುತ್ತದೋ ಎಂಬ ಚಿಂತೆ ಒಳಗೊಳಗೇ ಇತ್ತು.

"ಭಟ್ರೇ, ಇನ್ನೊಂದು ಜೋಡಿ ಉಂಟು. ದೂರದವರು," ಎಂದು ಇಬ್ಬರ ತಿಂಗಳು, ತಾರೀಕು ಹೇಳಿದೆ.

"ಹುಡುಗಿಯ ಜನ್ಮಸ್ಥಳ?"

"ಜಪಾನು. ಸಮುದ್ರದ ಬದಿ."

ಅವರು ತಲೆ ಎತ್ತಲಿಲ್ಲ. ಈಗಿನ ಕಾಲದಲ್ಲಿ ಎಲ್ಲೆಲ್ಲಿಯವರೋ ಬರುತ್ತಾರೆ. "ಹುಟ್ಟಿದ ಸಮಯ?"

"ಸಮಯ ಗೊತ್ತಿಲ್ಲ. ರಕ್ತದ ಗುಂಪು ಗೊತ್ತುಂಟು."

"ಅದು ಡಾಕ್ಟರಿಗೆ ಹೇಳಿ. ಗೋತ್ರ?"

"ದೇವಸ್ಥಾನದ ಅಂಗಳ ಗುಡಿಸುವವಳು."

"ಒಳ್ಳೆಯ ಸಂಸ್ಕಾರ. ತಿಂಗಳು, ತಾರೀಕು ಸಿಕ್ಕಿತು. ಇಸವಿ ಹೇಳಿ."

"ಇಸವಿ ಇಲ್ಲ ಭಟ್ರೇ. ಅವಳಿಗೆ ಯಾವಾಗಲೂ ಇಪ್ಪತ್ತೆರಡು."

"ಈಗ ಇಪ್ಪತ್ತೆರಡಾ?"

"ಈಗಲೂ. ನಮ್ಮ ಮಗ ಆಟ ತಂದಾಗಲೂ ಇಪ್ಪತ್ತೆರಡು. ಮುಂದಿನ ವರ್ಷವೂ ಅಷ್ಟೇ."

ಪುರೋಹಿತರು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. ಎಲ್ಲವನ್ನೂ ಬಿಡಿಸಿ ಹೇಳಿದೆ. ಬೈಯುತ್ತಾರೆಂದುಕೊಂಡೆ. ಅವರು ಪಂಚಾಂಗ ಮುಚ್ಚಿ, ಕಿಟಕಿಯಾಚೆ ಬಹಳ ಹೊತ್ತು ನೋಡಿದರು. ತುಳಸಿಯ ಮೇಲೆ ಬಿಸಿಲು ಇಳಿಯುತ್ತಿತ್ತು.

"ಏಳೂವರೆ ವರ್ಷದ ಶನಿ ಅವಳ ಹೊಸಿಲು ದಾಟುವುದು ಹೇಗೆ? ವಯಸ್ಸೇ ಏರದವಳ ಮನೆಯಲ್ಲಿ ಏಳೂವರೆ ವರ್ಷವೇ ಆಗುವುದಿಲ್ಲ," ಅಂದರು. ಆಮೇಲೆ ಮೆಲ್ಲಗೆ, "ಅಲ್ಲಿ ಪುರೋಹಿತರ ಜಾಗ ಏನಾದರೂ ಖಾಲಿ ಉಂಟಾ ಕೇಳಿ ನೋಡಿ ಅಮ್ಮ."

ಮೂರು ಕಡೆ ಮದುವೆ

ಆ ಕಥೆಯನ್ನು ಜಪಾನಿನವರು ಕಾರ್ಟೂನು ಮಾಡಿದ್ದಾರೆ, ಟೀವಿಯಲ್ಲಿ ಹಾಕುತ್ತೇನೆ ಎಂದ ಮಗ. ಕಾರ್ಟೂನೆಂದರೆ ನಾನು ಬೆಕ್ಕು ಇಲಿ ಅಂದುಕೊಂಡಿದ್ದೆ. ಹಾಗಲ್ಲ, ಅದೇ ಊರು, ಅದೇ ಸ್ಟೇಷನ್ನು. ಆಟದಲ್ಲಿ ನಿಂತಿದ್ದ ಸಮುದ್ರಕ್ಕೆ ಇಲ್ಲಿ ಅಲೆ ಬಂದಿತ್ತು. ಹುಡುಗಿಯ ಕೂದಲು ಗಾಳಿಗೆ ಹಾರುತ್ತಿತ್ತು. ಭಾನುವಾರ ಮಧ್ಯಾಹ್ನ ಕಲಬುರಗಿಯವಳೂ ಶೇಂಗಾ ಹೋಳಿಗೆ ಡಬ್ಬಿ ಹಿಡಿದು ಬಂದು ಕೂತಳು. ಗೋಡೆಯಾಚೆಯಿಂದಲೇ ಅರ್ಧ ಕಥೆ ಅವಳಿಗೆ ಗೊತ್ತಿತ್ತು.

ವಾರ ವಾರ ನೋಡಿದೆವು. ಕೊನೆಯ ಕಂತು ಬಂತು. ಹುಡುಗ ಓಡುತ್ತಿದ್ದಾನೆ. ಗುಡ್ಡದ ಮೆಟ್ಟಿಲು ಬಂತು. ಹತ್ತು, ಹತ್ತು ಎಂದು ನಾವಿಬ್ಬರೂ ಅಂದೆವು. ಹತ್ತಲಿಲ್ಲ! ಮೆಟ್ಟಿಲು ದಾಟಿ ಸೀದಾ ಬಸ್ ಸ್ಟಾಪಿಗೆ ಹೋಗಿ ಕೊಡೆಯವಳ ಕೈ ಹಿಡಿದ.

"ಅಯ್ಯ ಇವನ ಬಾಯಾಗ ಮಣ್ಣ ಬೀಳಲಿ!" ಕಲಬುರಗಿಯವಳು ಎದ್ದು ನಿಂತಳು. "ಮಾತ ಕೊಟ್ಟಿದ್ದು ಒಬ್ಬಾಕಿಗೆ, ಕೈ ಹಿಡಿದಿದ್ದು ಇನ್ನೊಬ್ಬಾಕಿನ್ನ!"

ಮಗ ಸಮಾಧಾನ ಮಾಡಿದ. ಆಟದಲ್ಲಿ ಮೂರು ದಾರಿ ಇದೆ, ಕಾರ್ಟೂನು ಮಾಡುವವರು ಒಂದೊಂದು ಸಲ ಒಂದೊಂದು ದಾರಿ ಹಿಡಿಯುತ್ತಾರೆ, ಇದೇ ಕಥೆಯ ಸಿನಿಮಾ ಬೇರೆ ಇದೆ ಅಂದ. ಸರಿ, ಮುಂದಿನ ಭಾನುವಾರ ಸಿನಿಮಾ ಹಾಕಿಸಿದೆವು. ಅದರಲ್ಲಿ ಹುಡುಗ ಮತ್ತೆ ಓಡಿದ. ಮೆಟ್ಟಿಲೂ ದಾಟಿದ, ಬಸ್ ಸ್ಟಾಪೂ ದಾಟಿದ, ಪಿಯಾನೋದವಳ ಮನೆಯ ಗೇಟು ತೆಗೆದ. ಆಮೇಲೆ ಇನ್ನೊಂದು ಸರಣಿ ಹೊಸದಾಗಿ ಮಾಡಿದ್ದಾರಂತೆ, ಅದನ್ನೂ ಹಾಕಿಸಿದೆವು. ಅದರಲ್ಲಿ ಮತ್ತೆ ಕೊಡೆಯವಳೇ, ಕೊಡೆಯ ಬಣ್ಣ ಮಾತ್ರ ಬೇರೆ. ನಮ್ಮ ದೇವಸ್ಥಾನದವಳು ಪ್ರತಿ ಸಲವೂ ಕೊನೆಯಲ್ಲಿ ಗುಡ್ಡದ ಮೇಲೆ ನಿಂತು, ಕೆಳಗೆ ಹೋಗುವ ರೈಲನ್ನು ನೋಡಿ ನಗುತ್ತಿದ್ದಳು. ಆ ನಗು ನೋಡಿ ನಾವು ಕೈಯಲ್ಲಿದ್ದ ಹೋಳಿಗೆಯನ್ನು ಮರೆತುಬಿಡುತ್ತಿದ್ದೆವು.

"ಹಂಗಾರ ಈ ಹುಡುಗಿಗೆ ಟೀವಿಯಾಗ ಮದುವಿ ಇಲ್ಲೇ ಇಲ್ಲೇನ್ರಿ?" ಎಂದು ಕಲಬುರಗಿಯವಳು ಕೇಳಿದಳು.

"ಅಭೀ ತಕ್ ನಹೀ," ಅಂದ ಮಗ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಖಾಲಿ ಡಬ್ಬಿ ಎತ್ತಿಕೊಂಡು ಬಾಗಿಲ ತನಕ ಹೋಗಿ, ಏನೋ ನಿಶ್ಚಯ ಮಾಡಿದವಳ ಹಾಗೆ ತಿರುಗಿ ನಿಂತಳು. "ಅಕ್ಕಾರ, ಮುಂಬ್ರಾದಾಗ ನನ್ನ ತಮ್ಮ ಅದಾನ. ಸ್ವಂತ ಖೋಲಿ ಅದ, ಕುಡಿಯಂಗಿಲ್ಲ. ಹುಡುಗಿ ಕಡಿಯವರಿಗೆ ಒಂದು ಮಾತ ಹಾಕಿ ನೋಡ್ರಿ."

ಐರೋಲಿ

ಹೆಣ್ಣು ನೋಡುವ ದಿನ ಬಂತು. ಅದೂ ಭಾನುವಾರ. ಥಾಣೆಯಲ್ಲಿ ಇಳಿದು, ನವಿ ಮುಂಬಯಿಗೆ ಹೋಗುವ ಗಾಡಿ ಹತ್ತಿದೆವು. ದಾರಿಯುದ್ದಕ್ಕೂ ನಾನು ಟಿಟ್ವಾಳಾದ ಗಣಪತಿಯನ್ನು ಬಿಟ್ಟಿರಲಿಲ್ಲ. "ನಾಲ್ಕೇ ಮಾತು ಸ್ವಾಮೀ." ಇದೂ ತಪ್ಪಿದರೆ ಇನ್ನು ಯಾರ ಮನೆಗೂ ಬರುವುದಿಲ್ಲ ಎಂದು ಮಗ ಬೆಳಗ್ಗೆಯೇ ಹೇಳಿಬಿಟ್ಟಿದ್ದ. ಆ ನರೆತ ತಲೆ, ಪ್ಲ್ಯಾಟ್‌ಫಾರ್ಮಿನ ಪೊರಕೆ ನನ್ನ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

ಅವರ ಮನೆ ಮೇಲಿನ ಮಹಡಿಯಲ್ಲಿ. ಬಾಲ್ಕನಿಯಿಂದ ಖಾಡಿ ಕಾಣುತ್ತಿತ್ತು. ನೀರು ಇಳಿದು ಕೆಸರು ಹೊಳೆಯುತ್ತಿತ್ತು. ಹುಡುಗಿಯ ತಂದೆ ಮಾತಿನ ಮನುಷ್ಯರು, ಊರು, ಮಳೆ, ಅಕ್ಕಿಯ ಕ್ರಯ ಎಲ್ಲ ಆಯಿತು. ಉಪ್ಪಿಟ್ಟು ಬಂತು. ಹುಡುಗಿ ಬಂದಳು. ಎಣ್ಣೆಗಪ್ಪು, ಚುರುಕು ಕಣ್ಣು. ನಮ್ಮವನ ಎದುರಿನ ಕುರ್ಚಿಯಲ್ಲೇ ಕೂತು, ಸಂಕೋಚವಿಲ್ಲದೆ ಕೇಳಿದಳು:

"ಆಫೀಸಿಂದ ಬಂದ ಮೇಲೆ ಏನ್ ಮಾಡ್ತೀರಿ ನೀವು?"

ಮಗ ತಟ್ಟೆಯಿಂದ ತಲೆ ಎತ್ತಿದ. ಬಾಯಿ ಅರ್ಧ ತೆರೆಯಿತು. ಅಲ್ಲಿಗೆ ನಿಂತಿತು.

ಎಲ್ಲರೂ ಕಾದರು. ಫ್ಯಾನು ತಿರುಗುತ್ತಿತ್ತು. ಯಜಮಾನರು ಉಪ್ಪಿಟ್ಟಿನ ಗೋಡಂಬಿಯನ್ನು ಅಗಿಯದೆ ಬಾಯಲ್ಲಿ ಇಟ್ಟುಕೊಂಡರು. ಹುಡುಗಿಯ ತಾಯಿ ಗಂಡನ ಮುಖ ನೋಡಿದರು. ಆ ನೋಟ ನನಗೆ ಗೊತ್ತು. ಎರಡು ದಿನ ಬಿಟ್ಟು ಬರುವ ಫೋನು ಅದು.

ಆಗ ನನಗೆ ಒಮ್ಮೆಲೇ ಹೊಳೆಯಿತು. ಹುಡುಗಿ ಕೇಳಿದ್ದಾಳೆ. ಎಲ್ಲ ನಿಂತಿದೆ. ಹುಡುಗನ ಬಾಯಿಂದ ಮಾತು ಹೊರಡುತ್ತಿಲ್ಲ. ಇವನು ಸುಮ್ಮನಿರುವುದಲ್ಲ, ಕಾಯುತ್ತಿರುವುದು! ಮೂರು ಸಾಲು ಬರಬೇಕಲ್ಲ, ಬಂದಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ, ಸಂಜೆ ಸಂಜೆ ಕೂತು ರೂಢಿಯಾದ ನನ್ನ ಬಾಯಿ ತೆರೆಯಿತು:

"ಒಂದು, ಅಮ್ಮನಿಗೆ ಕಥೆ ಓದಿ ಹೇಳುತ್ತೇನೆ ಎನ್ನು. ಎರಡು, ಏನೂ ಮಾಡುವುದಿಲ್ಲ ಎನ್ನು. ಮೂರು, ಬನ್ನಿ, ಬಾಲ್ಕನಿಯಲ್ಲಿ ನಿಂತು ಹೇಳುತ್ತೇನೆ ಎನ್ನು."

"ಮೂರು," ಅಂದ ಮಗ, ತಟ್ಟನೆ.

ಯಜಮಾನರ ಗೋಡಂಬಿ ಗಂಟಲಿಗೆ ಸಿಕ್ಕಿಕೊಂಡಿತು. ಹುಡುಗಿಯ ತಂದೆ ಅವರ ಬೆನ್ನು ಬಡಿಯುತ್ತಿದ್ದಾಗ ನಾನು ನೆಲ ನೋಡುತ್ತಿದ್ದೆ. ಆಯಿತು, ಮುಗಿಯಿತು, ಇನ್ನು ತಾಯಿಗೂ ಬುದ್ಧಿ ನೆಟ್ಟಗಿಲ್ಲ ಎನ್ನುತ್ತಾರೆ ಅಂದುಕೊಂಡೆ. ತಲೆ ಎತ್ತಿದರೆ ಎರಡು ಕುರ್ಚಿಯೂ ಖಾಲಿ. "ಮೂರು ಅಂದರೆ ಏನು? ಇದೆಂಥ ಪದ್ಧತಿ ನಿಮ್ಮ ಮನೆಯದ್ದು?" ಎಂದು ಬಾಲ್ಕನಿಯಲ್ಲಿ ಹುಡುಗಿ ಕೇಳುತ್ತಿದ್ದಳು.

ಅದಕ್ಕೆ ಉತ್ತರ ಹೇಳದೆ ಬೇರೆ ಗತಿಯಿರಲಿಲ್ಲ ನಮ್ಮವನಿಗೆ. ಹೇಳತೊಡಗಿದ. ಸಮುದ್ರದ ಊರು, ಸ್ಟೇಷನ್ನು, ಕೊಡೆಯವಳು, ನೂಲು ಕಟ್ಟಿದ ದಾಸವಾಳ, ಏಳೂವರೆ ಶನಿ. ನಾನು ಒಳಗಿನಿಂದಲೇ ಕೇಳುತ್ತಿದ್ದೆ. ಹಿಂದಿ ಇಲ್ಲ, ಮರಾಠಿ ಇಲ್ಲ. "ಗಾಳಿ ಎಲೆಯನ್ನೆಲ್ಲ ಮತ್ತೆ ಹರಡಿಬಿಟ್ಟಿತು" ಎನ್ನುತ್ತಿದ್ದ. ಸಂಜೆ ಸಂಜೆ ನಾನು ತಿದ್ದಿ ತಿದ್ದಿ ಕೊಟ್ಟ ಕನ್ನಡ. ಆಚೆ ಖಾಡಿಯ ಮೇಲೆ ಗುಲಾಬಿ ಬಣ್ಣದ ಹಕ್ಕಿಗಳ ಗುಂಪು ಎದ್ದಿತು, ಗಾಳಿಯಲ್ಲಿ ತೇಲಿತು, ಆ ಊರಿನ ಹೂವಿನ ಎಸಳುಗಳ ಹಾಗೆ ಆತುರವಿಲ್ಲದೆ ಕೆಳಗಿಳಿಯಿತು. ನಾಲ್ಕು ಮಾತು ಬೇಡಿದ್ದೆ. ಗಣಪತಿ ಅಳತೆ ನೋಡಲಿಲ್ಲ.

ಬಹಳ ಹೊತ್ತಿನ ಮೇಲೆ ಹುಡುಗಿ ಒಳಗೆ ಬಂದು ನನ್ನ ಮುಂದೆಯೇ ನಿಂತಳು. "ಆಂಟಿ, ನೀವು ಆರಿಸಿದ್ದು ಅಂಗಳ ಗುಡಿಸುವವಳನ್ನಂತೆ. ಮೊದಲೇ ಹೇಳಿಬಿಡ್ತೇನೆ, ನಾನು ಗುಡಿಸುವವಳಲ್ಲ."

"ನೀನ್ಯಾಕೆ ಗುಡಿಸಬೇಕು ಮಗಳೇ? ನಮ್ಮಲ್ಲಿ ಗುಡಿಸುವುದು ಇವರು," ಎಂದು ಯಜಮಾನರನ್ನು ತೋರಿಸಿದೆ.

ಹುಡುಗಿಯ ತಂದೆ ಗಂಟಲು ಸರಿ ಮಾಡಿಕೊಂಡು ಕೇಳಿದರು: "ಮತ್ತೆ, ನೀನು ಏನು ಹೇಳ್ತಿ?"

ಅಷ್ಟು ಚುರುಕಿನ ಹುಡುಗಿ ಈಗ ಸುಮ್ಮನಾದಳು. ನನ್ನ ಕಡೆ ತಿರುಗಿ, "ನನಗೂ ಮೂರು ಹೇಳ್ತೀರಾ?" ಅಂದಳು.

"ಒಂದು, ಒಪ್ಪಿಗೆ. ಎರಡು, ಯೋಚಿಸಿ ಹೇಳುತ್ತೇನೆ. ಮೂರು…" ಮೂರನೆಯದು ಏನೆಂದು ನನಗೆ ಗೊತ್ತು. ಆದರೆ ಶುಭಕಾರ್ಯಕ್ಕೆ ಬಂದ ಮನೆ, ಎದುರಿಗೆ ದೇವರ ದೀಪ ಉರಿಯುತ್ತಿದೆ, ಇಲ್ಲ ಎಂಬ ಮಾತು ನಾಲಿಗೆಗೆ ಬರುವುದಾದರೂ ಹೇಗೆ? "ಮೂರು, ಒಪ್ಪಿಗೆ."

"ಮೂರು, ಅತ್ತೆ," ಅಂದಳು.

ಆಗ ನಮ್ಮ ಮಗ, ಯಾರೂ ಸಾಲು ಕೊಡದೆ, ತನ್ನಷ್ಟಕ್ಕೆ ತಾನೇ ಬಾಯಿ ಬಿಟ್ಟ. "ಒಂದು ಯಾಕಲ್ಲ?"

ಎಲ್ಲರೂ ಎಷ್ಟು ನಕ್ಕೆವೆಂದರೆ ಬಾಲ್ಕನಿಯ ಪಾರಿವಾಳಗಳು ಹಾರಿಹೋದವು.

ತಂದೆ ಮಗಳು ಇಬ್ಬರೂ ಸ್ಟೇಷನ್ ತನಕ ಬಿಡಲು ಬಂದರು. ಸಂಜೆ ಬಿಸಿಲು ಪ್ಲ್ಯಾಟ್‌ಫಾರ್ಮಿನ ಮೇಲೆ ಉದ್ದಕ್ಕೆ ಮಲಗಿತ್ತು. ಮಕ್ಕಳಿಬ್ಬರೂ ಆಚೆ ತುದಿಯ ಬೆಂಚಿನ ಹತ್ತಿರ ನಿಂತಿದ್ದರು. ನಮ್ಮವನೇ ಮಾತಾಡುತ್ತಿದ್ದ, ಅವಳು ತಲೆ ಓರೆ ಮಾಡಿ ಕೇಳುತ್ತಿದ್ದಳು. ಅಷ್ಟರಲ್ಲಿ ಥಾಣೆಯ ಗಾಡಿ ಬಂತು. ನಮ್ಮೆದುರಿಗೆ ನಿಂತ ಡಬ್ಬಿಯನ್ನು ನೋಡಿ ನನಗೆ ನಂಬಲಾಗಲಿಲ್ಲ. ಒಳಗೆ ಒಬ್ಬರೂ ಇಲ್ಲ. ಬಿಸಿಲು ಮಾತ್ರ ಸೀಟಿನ ಮೇಲೆ ಕೂತಿತ್ತು.

ನಾನು ಅಭ್ಯಾಸದಂತೆ ಸೆರಗು ಸಿಕ್ಕಿಸಿ ಕಾಲೆತ್ತಿದೆ. ಹಿಂದಿನಿಂದ ಯಾರೋ ನನ್ನ ಕೈ ಹಿಡಿದರು. ಯಜಮಾನರು. ಅವರು ಗಾಡಿಯನ್ನು ನೋಡಿದರು, ಕಿಟಕಿ ಸೀಟನ್ನು ನೋಡಿದರು, ಆಚೆ ತುದಿಯಲ್ಲಿ ಮಾತು ಮುಗಿಯದ ಮಗನನ್ನು ನೋಡಿದರು.

"ಬಿಡು," ಅಂದರು, ಎಲ್ಲೋ ದೂರದಿಂದ ಬಂದಂಥ ದನಿಯಲ್ಲಿ. "ಇನ್ನೊಂದು ಬರ್ತದೆ."

ಬಾಗಿಲ ಮುಂದೆ ಕೈ ಕೈ ಹಿಡಿದು ನಾವಿಬ್ಬರು ನಿಂತೇ ಇದ್ದೆವು. ಗಾಡಿ ಹೊರಟುಹೋಯಿತು. ಅದರ ಕೊನೆಯ ಡಬ್ಬಿ ತಿರುವಿನಲ್ಲಿ ಮರೆಯಾಗುವ ತನಕ ಅವರು ಕಣ್ಣು ಮಿಟುಕಿಸಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವರು ನನಗಾಗಲೀ ಮಗನಿಗಾಗಲೀ ಪ್ರೀತಿಯ ಮಾತು ಒಂದೂ ಆಡಿದವರಲ್ಲ. ಆ ಸಂಜೆ ಎಲ್ಲವನ್ನೂ ಒಟ್ಟಿಗೆ ಆಡಿದರು ಅಂದುಕೊಂಡೆ.

ಮುಂದಿನ ಗಾಡಿ ಕಿಕ್ಕಿರಿದು ಬಂತು. ಥಾಣೆಯ ತನಕ ನಿಂತೆವು, ಅಲ್ಲಿಂದ ಡೊಂಬಿವಲಿಯ ತನಕವೂ ನಿಂತೆವು. ಅವರು ಯಾರದೋ ಕಂಕುಳಡಿಯಿಂದ ಸಹಸ್ರನಾಮ ಹೇಳುತ್ತಿದ್ದರು.

ಮದುವೆ ಚೆನ್ನಾಗಿ ಆಯಿತು. ಕಲಬುರಗಿಯವಳು ಲ್ಯಾಪ್‌ಟಾಪಿಗೂ ಅಕ್ಷತೆ ಹಾಕಿ ಬಂದಳು. ಧಾರೆಯ ನೀರು ಬೀಳುತ್ತಿತ್ತು, ವಾದ್ಯ ಮೊಳಗುತ್ತಿತ್ತು, ಪುರೋಹಿತರು ಕನ್ನಡಕ ಹುಡುಕುತ್ತ ಮಂತ್ರ ಹೇಳುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು. ಯಜಮಾನರ ಕಣ್ಣೂ ತುಂಬಿತ್ತು. ಅವರು ಮೆಲ್ಲನೆ ನನ್ನ ಕಿವಿಯ ಹತ್ತಿರ ಬಗ್ಗಿದರು. ಎಂಥ ಮಾತು ಹೇಳುತ್ತಾರೋ ಎಂದು ನಾನೂ ಅವರ ಕಡೆ ವಾಲಿದೆ.

"ಗಾಳಿ ಬರುವ ಬದಿಯದ್ದೇ ಇತ್ತು ಮಾರಾಯ್ತಿ," ಅಂದರು. "ಕಿಟಕಿ ಸೀಟು."